ಮ್ಯಾಗ್ನಮ್ಮೂ ನಮ್ಮೂರ ಬೆಡಿಯೂ

ನಮ್ಮ ಪುತ್ತೂರು-ಸುಳ್ಯ ಕಡೆ 'ಬೆಡಿ' ಅನ್ನೋ ಶಬ್ದಕ್ಕೆ ಎರಡು ಅರ್ಥ. ಏಪ್ರಿಲ್ 17ರ ರಾತ್ರಿ ಪುತ್ತೂರು ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವದಲ್ಲಿ ಗದ್ದೆ ತುಂಬ ಜನ ಸೇರಿ ಕತ್ತೆತ್ತಿ ನೋಡುವ ಸಿಡಿಮದ್ದು ಒಂದು ಬೆಡಿ. 'ಪುತ್ತೂರು ಬೆಡಿ' ಅಂದ್ರೆ ಜಿಲ್ಲೆಗೇ ಗೊತ್ತು. ಇನ್ನೊಂದು ಬೆಡಿ ತೋಟದ ಮನೆಗಳ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ನಿಂತಿರುವ ಕೋವಿ. ತುಳುವಿನಲ್ಲಿ ಎರಡಕ್ಕೂ ಒಂದೇ ಹೆಸರು. ಯೋಚಿಸಿದರೆ ತಪ್ಪೇನಿಲ್ಲ. ಇವತ್ತಿನ ದಿನ ಎರಡರ ಕೆಲಸವೂ ಹೆಚ್ಚುಕಡಿಮೆ ಒಂದೇ, ಜೋರಾಗಿ ಶಬ್ದ ಮಾಡುವುದು :)

ಬೆಂಗಳೂರಿನ ಆಫೀಸಿನಲ್ಲಿ "ನಮ್ಮನೆಯಲ್ಲಿ ಕೋವಿ ಇದೆ" ಅಂದರೆ ಸಹೋದ್ಯೋಗಿಗಳು ಒಮ್ಮೆ ಕಣ್ಣರಳಿಸಿ ನೋಡುತ್ತಾರೆ. ಮರುಕ್ಷಣದ ಪ್ರಶ್ನೆ, "ರಿವಾಲ್ವರ್ರಾ?" ಅವರ ತಲೆಯಲ್ಲಿ ಗನ್ ಅಂದರೆ ಸಿನೆಮಾದ್ದು. ಅಡಿಕೆ ತೋಟದವನ ಉದ್ದ ನಳಿಗೆಯ ಕೋವಿಗೂ ಸಿನೆಮಾದ ರಿವಾಲ್ವರಿಗೂ ಇರುವ ದೂರ ಎಷ್ಟು, ಆ ದೂರ ಹೇಗೆ ಹುಟ್ಟಿತು ಅಂತ ಹುಡುಕುತ್ತಾ ಹೋದರೆ ಸಿಗುವುದು ಒಂದು ಒಳ್ಳೆ ಚರಿತ್ರೆಯ ಪಾಠ. ಅದರಲ್ಲಿ ನಮ್ಮ ಬೆಳ್ಳಾರೆಯ ಖಜಾನೆಯೂ ಬರುತ್ತದೆ, ಮಾರ್ಕ್ ಕಬ್ಬನ್ನೂ ಬರುತ್ತಾನೆ, ಸಂವಿಧಾನ ಸಭೆಯೂ ಬರುತ್ತದೆ. ಸ್ವಲ್ಪ ಉದ್ದ ಆಗಬಹುದು, ಚಹಾ ಮಾಡಿಕೊಂಡು ಬನ್ನಿ.

* * *

ಮೊದಲು ರಿವಾಲ್ವರ್‌ನ ಜಾತಕ ನೋಡೋಣ. ಸ್ಯಾಮ್ಯುಯೆಲ್ ಕೋಲ್ಟ್ ಎಂಬಾತ ತನ್ನ ಸುತ್ತುವ ಉರುಳೆಯ ಪಿಸ್ತೂಲಿಗೆ ಅಮೆರಿಕಾದಲ್ಲಿ ಪೇಟೆಂಟ್ ಪಡೆದದ್ದು 1836ರ ಫೆಬ್ರವರಿ 25ಕ್ಕೆ. ಅಲ್ಲಿಯವರೆಗೆ ಸಾಮಾನ್ಯ ಬಂದೂಕು ಅಂದರೆ ಒಂದು ಈಡು ಹೊಡೆದ ಮೇಲೆ ಮತ್ತೆ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿದು, ಆಮೇಲೆ ಇನ್ನೊಂದು ಈಡು. ಅಷ್ಟರಲ್ಲಿ ಎದುರಿನವನು ಹತ್ತಿರ ಬಂದಾಗಿರುತ್ತದೆ. ಕೋಲ್ಟ್‌ನ ಉರುಳೆಯಲ್ಲಿ ಐದು ಗೂಡು. ಒಂದು ಗೂಡು ಖಾಲಿಯಾದರೆ ಕುದುರೆ ಎಳೆದಾಗ ಉರುಳೆ ತಿರುಗಿ ಮುಂದಿನ ಗೂಡು ನಳಿಗೆಯ ಎದುರಿಗೆ ಬಂದು ನಿಲ್ಲುತ್ತದೆ. ಇವತ್ತಿಗೂ ರಿವಾಲ್ವರಿನ ತಿರುಳು ಇಷ್ಟೇ.

ಮ್ಯಾಗ್ನಮ್ ಹುಟ್ಟಿದ್ದು ಅದಾಗಿ ನೂರು ವರ್ಷಕ್ಕೆ, 1935ರಲ್ಲಿ. ಅಮೆರಿಕಾದ ಸ್ಮಿತ್ ಆಂಡ್ ವೆಸನ್ ಮತ್ತು ವಿಂಚೆಸ್ಟರ್ ಸಂಸ್ಥೆಗಳು ಸೇರಿ ಹೊರತಂದದ್ದು. ಗ್ಯಾಂಗ್‌ಸ್ಟರ್‌ಗಳು ಕಾರಿನಲ್ಲಿ ಓಡಾಡಲು ಶುರುಮಾಡಿದ ಕಾಲ ಅದು. ಪೊಲೀಸರ ಕೈಲಿದ್ದ .38 ಸ್ಪೆಷಲ್ ಗುಂಡು ಕಾರಿನ ತಗಡಿಗೆ ಸಾಲುತ್ತಿಲ್ಲ ಅನ್ನೋ ದೂರು ಇತ್ತು. ಅದೇ ಗುಂಡಿನ ತೋಟೆಯನ್ನು ಸುಮಾರು 3 ಮಿಲಿಮೀಟರ್ ಉದ್ದ ಮಾಡಿ, ಮದ್ದಿನ ಒತ್ತಡ ಹೆಚ್ಚಿಸಿ .357 ಮ್ಯಾಗ್ನಮ್ ಅಂತ ಹೆಸರಿಟ್ಟರು. ಉದ್ದ ಮಾಡಿದ್ದು ಯಾಕೆಂದರೆ, ಹಳೆಯ ದುರ್ಬಲ ರಿವಾಲ್ವರಿನೊಳಗೆ ಯಾರೂ ಗೊತ್ತಿಲ್ಲದೆ ಈ ಹೊಸ ತೋಟೆ ತುರುಕಬಾರದು ಅಂತ. ಹಾಗಾಗಿ ಮ್ಯಾಗ್ನಮ್ ರಿವಾಲ್ವರಿನಲ್ಲಿ .38ರ ತೋಟೆ ಹಾಕಬಹುದು, .38ರಲ್ಲಿ ಮ್ಯಾಗ್ನಮ್ ತೋಟೆ ಕೂರುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ! 'ಮ್ಯಾಗ್ನಮ್' ಅನ್ನೋ ಹೆಸರು ಬಂದದ್ದು ಒಂದೂವರೆ ಲೀಟರಿನ ದೊಡ್ಡ ಶಾಂಪೇನ್ ಬಾಟಲಿಯಿಂದ. ಆ ಸಾಲಿನ ಮೊದಲ ರಿವಾಲ್ವರ್ ಹೋದದ್ದು ಎಫ್.ಬಿ.ಐ.ನ ಮುಖ್ಯಸ್ಥ ಎಡ್ಗರ್ ಹೂವರ್ ಕೈಗೆ. 1955ರಲ್ಲಿ .44 ಮ್ಯಾಗ್ನಮ್ ಬಂತು. 1971ರ 'ಡರ್ಟಿ ಹ್ಯಾರಿ' ಸಿನೆಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಹಿಡಿದು ನಿಂತ ಮೇಲೆ ಜಗತ್ತಿಗೆಲ್ಲ ಮ್ಯಾಗ್ನಮ್ ಹುಚ್ಚು ಹತ್ತಿತು.

ನಾನು ಆ ವಸ್ತುವನ್ನು ಕೈಯಲ್ಲಿ ಹಿಡಿದದ್ದು 2023ರಲ್ಲಿ, ಆಫೀಸಿನವರು ಆರು ತಿಂಗಳು ಅಮೆರಿಕಾಕ್ಕೆ ಕಳಿಸಿದಾಗ. ಅಲ್ಲಿನ ಸಹೋದ್ಯೋಗಿಯೊಬ್ಬರು ಶನಿವಾರ ಶನಿವಾರ ರೇಂಜಿಗೆ ಹೋಗುವವರು. ಅವರ ಹತ್ತಿರ ಆರಿಂಚು ನಳಿಗೆಯ, ಒಂದೂಕಾಲು ಕೇಜಿ ತೂಗುವ .357 ಇತ್ತು. ಅಂಗಡಿಗೆ ಹೋಗಿ, ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಪಾಸಾಗಿ, ಅದೇ ದಿನ ಮನೆಗೆ ತಂದದ್ದಂತೆ. ಆದರೆ ನನ್ನಂಥ ತಾತ್ಕಾಲಿಕ ವೀಸಾದವರಿಗೆ ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಮುಟ್ಟುವುದೂ ನಿಷಿದ್ಧ. ಒಂದು ಮುಖ್ಯ ವಿನಾಯಿತಿ ಏನೆಂದರೆ, ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ನಿಮ್ಮ ಜೇಬಿನಲ್ಲಿರಬೇಕು. ಸರಿ, ಅದನ್ನೂ ಮಾಡಿಸಿದೆ. ಒಂದು ಕಾಗದದ ವೃತ್ತಕ್ಕೆ ತೂತು ಮಾಡಲು ಬೇಟೆ ಲೈಸೆನ್ಸ್! ಈ ತಮಾಷೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಊರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೊದಲು .38 ತೋಟೆ ಹಾಕಿ ಆರು ಈಡು. ಅದು ಸಲೀಸು, ಕೈ ಸ್ವಲ್ಪ ಹಾರುತ್ತದೆ ಅಷ್ಟೆ. ಆಮೇಲೆ ಮ್ಯಾಗ್ನಮ್. ಕಿವಿಗೆ ಮುಚ್ಚಳ ಇದ್ದರೂ ಶಬ್ದ ಎದೆಗೂಡಿಗೆ ಬಂದು ಬಡಿಯಿತು. ನಳಿಗೆಯ ತುದಿಯಲ್ಲಿ ಕಿತ್ತಳೆ ಬೆಂಕಿ, ಅಂಗೈಯಲ್ಲಿ ಹಿಡಿಯ ಗುರುತು. ಸುಳ್ಳು ಯಾಕೆ ಹೇಳಲಿ, ಖುಷಿ ಆಯ್ತು. ಹನ್ನೆರಡು ತೋಟೆ ಖಾಲಿ ಮಾಡುವಷ್ಟರಲ್ಲಿ, ಇದು ನನ್ನದೊಂದು ಇದ್ದರೆ ಅಂತ ಅನ್ನಿಸಿದ್ದೂ ನಿಜ. ಹೋಟೆಲ್ ರೂಮಿಗೆ ಬಂದು ಲೆಕ್ಕ ಹಾಕಿ ನೋಡಿದೆ. .357 ಗುಂಡಿನ ಶಕ್ತಿ ನಳಿಗೆಯ ಬಾಯಲ್ಲಿ ಸುಮಾರು 700 ಜೂಲ್. ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಸಿಗುವ .32 ರಿವಾಲ್ವರಿನದ್ದು 150ರ ಆಸುಪಾಸು. ಊರಲ್ಲಿ ಅಪ್ಪನ ಹತ್ತಿರ ಇರುವ ಹನ್ನೆರಡು ಬೋರಿನ ಒಂಟಿನಳಿಗೆ ತೋಟೆ ಕೋವಿಯದ್ದು? 2000 ಜೂಲ್ ಮೇಲೆ! ಅಂದರೆ ಮ್ಯಾಗ್ನಮ್ಮಿನ ಮೂರು ಪಟ್ಟು. ಹಾಗಿದ್ದರೂ ಮ್ಯಾಗ್ನಮ್ ಅಂದರೆ ರೋಮಾಂಚನ, ಅಪ್ಪನ ಕೋವಿ ಅಂದರೆ ಮಂಗ ಓಡಿಸುವ ಸಾಮಾನು. ಈ ವ್ಯತ್ಯಾಸ ಶಕ್ತಿಯದ್ದಲ್ಲ ಅಂತಾಯ್ತು. ಮತ್ತೆ ಏನದು?

* * *

ಕೋಲ್ಟ್ ಪೇಟೆಂಟ್ ಪಡೆದ ಮರುವರ್ಷ ನಮ್ಮೂರಲ್ಲಿ ಏನಾಯ್ತು ನೋಡಿ.

1834ರ ತನಕ ಅಮರ ಸುಳ್ಯ ಮತ್ತು ಪುತ್ತೂರಿನ ಭಾಗಗಳು ಕೊಡಗಿನ ಹಾಲೇರಿ ಅರಸರ ಕೈಕೆಳಗಿದ್ದವು. ಆ ವರ್ಷ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಾಶಿಗೆ ಕಳಿಸಿತು. ಕೊಡಗನ್ನು ತಾನೇ ಇಟ್ಟುಕೊಂಡು, ಘಟ್ಟದ ಕೆಳಗಿನ ಈ ಮಾಗಣೆಗಳನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಅಂಟಿಸಿತು. ಅರಸರ ಕಾಲದಲ್ಲಿ ರೈತ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡಬಹುದಿತ್ತು. ಕಂಪನಿ ಸರಕಾರ ನಗದು ಕೇಳಿತು. ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ, ರೂಪಾಯಿ ಬೆಳೆಯುತ್ತದಾ? ಭತ್ತ ಮಾರಿ ದುಡ್ಡು ಮಾಡಲು ಹೋದರೆ ವರ್ತಕ ಹೇಳಿದ್ದೇ ರೇಟು. ಸಿಟ್ಟು ಒಳಗೊಳಗೇ ಬೆಂದು 1837ರ ಮಾರ್ಚ್ 30ಕ್ಕೆ ಹೊರಗೆ ಬಂತು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ, ಪುಟ್ಟಬಸಪ್ಪನನ್ನು ಅರಸು ಮನೆತನದ ಕಲ್ಯಾಣಸ್ವಾಮಿ ಅಂತ ಮುಂದೆ ನಿಲ್ಲಿಸಿಕೊಂಡು ಹೊರಟ ರೈತರು ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡರು. ಅಲ್ಲಿಂದ ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು. ಕಲೆಕ್ಟರ್ ಊರು ಬಿಟ್ಟು ಹಡಗು ಹತ್ತಿದ. ಬಾವುಟಗುಡ್ಡೆಯಲ್ಲಿ ರೈತರ ಬಾವುಟ ಹಾರಿತು. ಹದಿಮೂರು ದಿನ ಮಂಗಳೂರು ಅವರದ್ದು.

ಅವರ ಕೈಯಲ್ಲಿದ್ದದ್ದು ಹೆಚ್ಚಾಗಿ ಕತ್ತಿ, ದೊಣ್ಣೆ, ಒಂದಷ್ಟು ಮದ್ದು ಜಡಿಯುವ ಕೋವಿ. ಕಂಪನಿಯ ಸಿಪಾಯಿಗಳ ಹತ್ತಿರ ಸಾಲಾಗಿ ನಿಂತು ಹೊಡೆಯುವ ಮಸ್ಕೆಟ್ಟು. ತಲಚೇರಿ, ಕಣ್ಣಾನೂರು ಕಡೆಯಿಂದ ಸೈನ್ಯ ಬಂದಿಳಿದ ಮೇಲೆ ಕಥೆ ಮುಗಿಯಿತು. ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಘಟ್ಟದ ಮೇಲೆ, ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ಕ್ಕೆ ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಸರಕಾರ ಇದಕ್ಕೆ ಕೊಟ್ಟ ಹೆಸರೇ ಊರಿನ ಬಾಯಲ್ಲೂ ಉಳಿಯಿತು, 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ದರೋಡೆ. ಅದು ದರೋಡೆಯಲ್ಲ, ರೈತರ ಬಂಡಾಯ ಅಂತ ಹೇಳಿಸಿಕೊಳ್ಳಲು ನೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯ್ತು. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು ತೀರಾ ಈಚೆಗೆ, 2022ರ ನವೆಂಬರಿನಲ್ಲಿ.

ಈ ಬಂಡಾಯ ಅಡಗಿಸುವಾಗ ಕೊಡಗಿನ ದಿವಾನರೂ ಹಲವು ಕೊಡವ ಪ್ರಮುಖರೂ ಕಂಪನಿಯ ಪಕ್ಷದಲ್ಲಿ ನಿಂತರು. ಕಂಪನಿ ಅವರಿಗೆ ಪದಕ ಹಂಚಿತು. ಆ ಪದಕದ ಕಥೆ ಅಲ್ಲಿಗೆ ಮುಗಿಯಲಿಲ್ಲ. 1857ರ ದಂಗೆಯಿಂದ ಬೆಚ್ಚಿದ ಸರಕಾರ 1860ರಲ್ಲಿ ಜನರ ಕೈಯಿಂದ ಆಯುಧ ಕಸಿಯಲು ಕಾಯಿದೆ ತಂದಿತು. 1861ರ ಫೆಬ್ರವರಿಯಲ್ಲಿ ಮೈಸೂರು-ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ (ಹೌದು, ನಾವು ಭಾನುವಾರ ವಾಕಿಂಗ್ ಹೋಗುವ ಪಾರ್ಕಿನ ಕಬ್ಬನ್ನೇ) ಒಂದು ಪ್ರಕಟಣೆ ಹೊರಡಿಸಿದ. ಕೊಡಗಿನವರ ನಿಷ್ಠೆ, ಶೌರ್ಯ, ಸರಕಾರಕ್ಕೆ ಮಾಡಿದ ಸಹಾಯ ಇವನ್ನೆಲ್ಲ ನೆನೆದು ಅವರನ್ನು ಈ ಕಾಯಿದೆಯಿಂದ ಬಿಟ್ಟಿದ್ದೇವೆ ಅನ್ನುವುದು ಅದರ ಸಾರ. ಘಟ್ಟದ ಕೆಳಗಿನ ನಾವು ಆಗ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ. ನಮಗೆ ಪದಕವೂ ಇಲ್ಲ, ವಿನಾಯಿತಿಯೂ ಇಲ್ಲ. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯಿದೆ ಬಂದು ಕೋವಿ ಇರಬೇಕಾದರೆ ಲೈಸೆನ್ಸ್ ಅನ್ನೋದು ಗಟ್ಟಿಯಾಯ್ತು. ಐರೋಪ್ಯರಿಗೆ ಲೈಸೆನ್ಸ್ ಬೇಡ, ಭಾರತೀಯರಿಗೆ ಬೇಕು.

ಆ ಗೆರೆ ಇವತ್ತಿಗೂ ಅಳಿಸಿಲ್ಲ ಅನ್ನುವುದೇ ಆಶ್ಚರ್ಯ. 1956ರಲ್ಲಿ ಕೊಡಗೂ ದಕ್ಷಿಣ ಕನ್ನಡವೂ ಒಂದೇ ರಾಜ್ಯಕ್ಕೆ ಸೇರಿದವು. ಆದರೂ ಸ್ವತಂತ್ರ ಭಾರತದ ಸರಕಾರ 1963ರಲ್ಲಿ ಹೊಸ ಕಾಯಿದೆಯ ಕೆಳಗೆ ಅದೇ ವಿನಾಯಿತಿ ಮುಂದುವರಿಸಿತು. ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ, ಮಗು ಹುಟ್ಟಿದರೆ ಈಡು, ಸಾವಾದರೆ ಈಡು. ಅಲ್ಲಿ ಕೋವಿ ಮನೆಯ ಮಗನ ಹಾಗೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನನಗೆ ಕುತೂಹಲ ಇರುವುದು ಸಂಪಾಜೆ ಘಾಟಿಯ ಎರಡೂ ಬದಿಯಲ್ಲಿ ನೆಂಟಸ್ತಿಕೆ ಇರುವ ನಮ್ಮ ಅರೆಭಾಷೆ ಗೌಡರ ಮನೆಗಳ ಬಗ್ಗೆ. ಘಾಟಿಯ ಮೇಲೆ ಜಮ್ಮಾ ಜಾಗ ಇರುವ ಭಾವನಿಗೆ ಲೈಸೆನ್ಸ್ ಬೇಡ. ಕೆಳಗೆ ಕಲ್ಲುಗುಂಡಿಯಲ್ಲೋ ಅರಂತೋಡಿನಲ್ಲೋ ಇರುವ ಭಾವನಿಗೆ ಬೇಕು. ಒಂದೇ ಭಾಷೆ, ಒಂದೇ ಕಾಡಿನ ಅದೇ ಹಂದಿ. ಇಬ್ಬರ ನಡುವೆ ಇರುವುದು 1834ರಲ್ಲಿ ಯಾರೋ ನಕ್ಷೆಯ ಮೇಲೆ ಎಳೆದ ಗೆರೆ ಮತ್ತು 1837ರಲ್ಲಿ ಯಾರು ಯಾವ ಕಡೆ ನಿಂತರು ಅನ್ನೋ ಒಂದು ಲೆಕ್ಕ.

* * *

ಸ್ವಾತಂತ್ರ್ಯ ಹೋರಾಟದವರಿಗೆ 1878ರ ಕಾಯಿದೆ ಒಂದು ಅವಮಾನವಾಗಿಯೇ ಕಂಡಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. ಅಹಿಂಸೆಯ ಪಕ್ಷದ ಪಟ್ಟಿಯಲ್ಲಿ ಕೋವಿ! 1948ರ ಡಿಸೆಂಬರ್ 1ರಂದು ಸಂವಿಧಾನ ಸಭೆಯಲ್ಲಿ ಇದನ್ನು ನೆನಪಿಸಿ, ಆಯುಧ ಹೊಂದುವ ಹಕ್ಕನ್ನೂ ಸಂವಿಧಾನದಲ್ಲಿ ಸೇರಿಸಿ ಅಂತ ತಿದ್ದುಪಡಿ ತಂದವರು ಎಚ್.ವಿ. ಕಾಮತ್. ಅವರು ಆರಿಸಿ ಬಂದದ್ದು ಮಧ್ಯ ಪ್ರಾಂತ್ಯದಿಂದ, ಹುಟ್ಟಿದ್ದು ಮಾತ್ರ ನಮ್ಮ ಮಂಗಳೂರಿನಲ್ಲಿ. ಅಂಬೇಡ್ಕರ್ ಒಪ್ಪಲಿಲ್ಲ. ಈ ಹಕ್ಕನ್ನು ಎಲ್ಲರಿಗೂ ಕೊಟ್ಟರೆ ಅಪರಾಧಿಗಳಿಗೂ ಕೊಟ್ಟ ಹಾಗೆ ಅನ್ನೋದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯ್ತು. ಅಮೆರಿಕಾದ ಶಾಲೆಗಳಲ್ಲಿ ಆಗುವ ಗುಂಡಿನ ದಾಳಿಗಳ ಸುದ್ದಿ ಓದುವಾಗಲೆಲ್ಲ ನನಗೆ, ಅದು ಬಿದ್ದುಹೋದದ್ದೇ ಒಳ್ಳೆಯದಾಯ್ತು ಅನ್ನಿಸುತ್ತದೆ. ರೇಂಜಿನಲ್ಲಿ ನನಗೆ ಎಷ್ಟೇ ಖುಷಿಯಾಗಿರಲಿ.

ಹಕ್ಕು ಸಿಗದಿದ್ದರೂ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ರೈತನಿಗೊಂದು ಸಣ್ಣ ಬಾಗಿಲು ಉಳಿಯಿತು. ಅದರ 13ನೇ ಸೆಕ್ಷನ್ ಓದಿ ನೋಡಿ, ಚೆನ್ನಾಗಿದೆ. ಕನಿಷ್ಠ 20 ಇಂಚಿನ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಬೆಳೆ ರಕ್ಷಣೆಗೆ ಕೇಳಿದರೆ, ನಿರಾಕರಿಸಲು ಬೇರೆ ಕಾರಣ ಇಲ್ಲದಿದ್ದಲ್ಲಿ ಅಧಿಕಾರಿ ಕೊಡಬೇಕು. ಉಳಿದ ಯಾವುದಕ್ಕಾದರೂ, ರಿವಾಲ್ವರ್ ಅದರಲ್ಲೇ ಬಂತು, ನಿಮಗೆ ಯಾಕೆ ಬೇಕು ಅನ್ನುವುದಕ್ಕೆ ತಕ್ಕ ಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆಯಾಗಬೇಕು. ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಶಕ್ತಿಯಲ್ಲಿ ಉದ್ದ ಕೋವಿ ಮೇಲೆ. ಆದರೆ ಉದ್ದ ಕೋವಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಪೇಟೆಗೆ ಹೋಗಲಾಗುವುದಿಲ್ಲ. ಹೆಗಲ ಮೇಲೆ ಕೋವಿ ಇಟ್ಟು ಗದ್ದೆಯ ಬದುವಿನಲ್ಲಿ ಹೋಗುವವನನ್ನು ಊರೆಲ್ಲ ನೋಡುತ್ತದೆ. ರಿವಾಲ್ವರ್ ಇರುವುದೇ ಯಾರಿಗೂ ಕಾಣದ ಹಾಗೆ ಹತ್ತಿರ ಹೋಗಿ ಮನುಷ್ಯನಿಗೆ ಹೊಡೆಯಲು. ಮಂಗನನ್ನು ಮ್ಯಾಗ್ನಮ್ಮಿನಿಂದ ಓಡಿಸಿದವರನ್ನು ನಾನಂತೂ ಕೇಳಿಲ್ಲ :)

ಹಾಗಾದರೆ ಪುತ್ತೂರಿನಲ್ಲಿ ಕೂತು ಒಂದು ಮ್ಯಾಗ್ನಮ್ ಇಟ್ಟುಕೊಳ್ಳಬೇಕು ಅಂದರೆ? ವಿದೇಶಿ ಬಂದೂಕುಗಳ ಖಾಸಗಿ ಆಮದು 1980ರ ದಶಕದ ನಡುವಿನಲ್ಲೇ ಬಹುಮಟ್ಟಿಗೆ ನಿಂತಿದೆ, ಹೆಸರಾಂತ ಶೂಟರ್‌ಗಳಿಗೆ ಮಾತ್ರ ಅವಕಾಶ. ಪೊಲೀಸರು, ಸೈನ್ಯದವರು ಬಳಸುವ .38, 9 ಎಂ.ಎಂ.ಗಳು ಸಾಮಾನ್ಯರಿಗೆ ನಿಷಿದ್ಧ ಬೋರು. ಸಿಗುವುದು .32. ಕಾನ್ಪುರದ ಸರಕಾರಿ ಕಾರ್ಖಾನೆ ತುಂಬ ವರ್ಷಗಳಿಂದ ಮಾಡುತ್ತಿರುವ ಆರು ಗುಂಡಿನ ರಿವಾಲ್ವರ್ ಇದೆ, 2023ರಲ್ಲಿ 'ಪ್ರಬಲ್' ಅಂತ ಹೊಸದೊಂದೂ ಬಂತು. ಅದಕ್ಕೂ ಮೊದಲು ನಿಮಗೆ ಜೀವಭಯ ಇದೆ ಅಂತ ತೋರಿಸಬೇಕು. ನನ್ನಂಥವನಿಗೆ ಇರುವ ಭಯ ಪ್ರೊಡಕ್ಷನ್ ರಿಲೀಸಿನದ್ದು ಮಾತ್ರ, ಅದಕ್ಕೆ ಲೈಸೆನ್ಸ್ ಕೊಡುವುದಿಲ್ಲ. ಗುರಿ ಹೊಡೆಯುವ ಆಸೆ ಇರುವ ಐಟಿ ಗೆಳೆಯರಿಗೆ ನೇರ ದಾರಿ ಬೇರೆ ಇದೆ. 20 ಜೂಲ್‌ಗಿಂತ ಕಡಿಮೆ ಶಕ್ತಿಯ .177 ಏರ್ ಪಿಸ್ತೂಲಿಗೆ ಲೈಸೆನ್ಸೇ ಬೇಡ. ಬೆಂಗಳೂರಿನ ಪ್ರಕಾಶ್ ನಂಜಪ್ಪ ನಮ್ಮ ಹಾಗೇ ಸಾಫ್ಟ್‌ವೇರ್‌ನವರು. ಕೆನಡಾದ ಕೆಲಸ ಬಿಟ್ಟು ಬಂದು ಪಿಸ್ತೂಲು ಹಿಡಿದು 2013ರ ವಿಶ್ವಕಪ್ಪಿನಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, 2016ರ ರಿಯೋ ಒಲಿಂಪಿಕ್ಸಿಗೂ ಹೋದರು.

* * *

ಈಗ ಆ ಬೇಟೆ ಲೈಸೆನ್ಸಿನ ತಮಾಷೆಗೆ ಬರುತ್ತೇನೆ. ಅಲ್ಲಿ ಕಾಗದಕ್ಕೆ ಹೊಡೆಯಲು ನನಗೆ ಬೇಟೆಯ ಪರವಾನಗಿ ಬೇಕಾಯ್ತು. ಇಲ್ಲಿ ಅಪ್ಪನ ಹತ್ತಿರ ಕೋವಿಯೂ ಇದೆ, ಕೋವಿಗೆ ಲೈಸೆನ್ಸೂ ಇದೆ, ಬೇಟೆ ಮಾತ್ರ ಆಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ, ಪ್ರಾಣಕ್ಕೇ ಬಂದ ಸಂದರ್ಭ ಬಿಟ್ಟರೆ, ಅನುಮತಿ ಇಲ್ಲದೆ ಕಾಡುಪ್ರಾಣಿಗೆ ಹೊಡೆಯುವ ಹಾಗಿಲ್ಲ. ಕಾಡು ಉಳಿಯಬೇಕಾದರೆ ಅದು ಬೇಕಿತ್ತು, ನಾನು ಆ ಕಾಯಿದೆಯ ಪರವೇ. ಆದರೆ ಅಲ್ಲಿಂದೀಚೆಗೆ ನಮ್ಮ ಕಡೆ ಕೋವಿಯ ಕೆಲಸ ಅಂದರೆ ಆಕಾಶಕ್ಕೆ ಒಂದು ಈಡು. ಬೆಳಿಗ್ಗೆ ಏಳಕ್ಕೆ ಮಂಗಗಳ ಹಿಂಡು ಬರುತ್ತದೆ. ಎಳೆಯ ನಳ್ಳಿ ಕಿತ್ತು ಬಿಸಾಡಿ, ಬೊಂಡ ಕೊರೆದು ಅರ್ಧ ಕುಡಿದು ಕೆಳಗೆ ಎಸೆಯುತ್ತವೆ. ಒಂದು ಈಡು ಹಾರಿಸಿದರೆ ಎರಡು ದಿನ ನಿರುಮ್ಮಳ. ಮೂರನೇ ದಿನ ಮತ್ತೆ ಹಾಜರು. ಕೋವಿ ಇಲ್ಲದ ಮನೆಯವರು ಗರ್ನಾಲು ಒಡೆಯುತ್ತಾರೆ. ಬೆಡಿಗೆ ಎರಡು ಅರ್ಥ ಅಂದೆನಲ್ಲ, ನೋಡಿ, ಕೊನೆಗೆ ಒಂದೇ ಅರ್ಥ ಆಗಿದೆ.

ಆನೆಯ ವಿಷಯ ಇದಕ್ಕಿಂತ ದೊಡ್ಡದು. ಮಂಡೆಕೋಲು, ಆಲೆಟ್ಟಿ ಕಡೆಯ ತೋಟದವರನ್ನು ಕೇಳಿದರೆ ರಾತ್ರಿಯಿಡೀ ಮಾತಾಡಿಯಾರು. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳ್ಳಂಬೆಳಿಗ್ಗೆ ಆನೆ ದಾಳಿಯಲ್ಲಿ ಇಬ್ಬರು ತೀರಿಹೋದರು. ಹನ್ನೆರಡು ಬೋರಿನ ಕೋವಿಯೂ ಅಲ್ಲಿ ಏನೂ ಮಾಡುತ್ತಿರಲಿಲ್ಲ, ಮ್ಯಾಗ್ನಮ್ಮಂತೂ ಬಿಡಿ. ಕಾಡಿನಂಚಿನ ಒಬ್ಬಂಟಿ ಮನೆಯಲ್ಲಿ ಕೋವಿ ಕೊಡುವುದು ಧೈರ್ಯ, ರಕ್ಷಣೆ ಅಲ್ಲ. ಆ ಧೈರ್ಯಕ್ಕೂ ಬೆಲೆ ಇದೆ ಅನ್ನುವುದು ಅಂಥ ಮನೆಯಲ್ಲಿ ಮಳೆಗಾಲದ ಒಂದು ರಾತ್ರಿ ಕಳೆದವರಿಗೆ ಗೊತ್ತು.

ಅದಕ್ಕೇ ಚುನಾವಣೆ ಬಂದಾಗ ನಮ್ಮ ಕಡೆಯ ಕೃಷಿಕರಿಗೆ ಸಿಟ್ಟು ಬರುವುದು. ನೀತಿ ಸಂಹಿತೆ ಜಾರಿಯಾದ ಕೂಡಲೇ ಕೋವಿ ತಂದು ಠಾಣೆಯಲ್ಲಿ ಇಡಿ ಅಂತ ಆದೇಶ. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್ 6ರ ತನಕ ಇತ್ತು. ನಮ್ಮ ಜಿಲ್ಲೆಯಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಚುನಾವಣಾ ಆಯೋಗದ ಸೂಚನೆ ಇರುವುದು, ಸಮಿತಿಯೊಂದು ಕೂತು ಯಾರ್ಯಾರ ಆಯುಧ ಇರಿಸಿಕೊಳ್ಳಬೇಕು ಅಂತ ಪರಿಶೀಲಿಸಲಿ ಅಂತ. ಜಾಮೀನಿನ ಮೇಲೆ ಇರುವವರು, ಹಿಂದೆ ಗಲಾಟೆ ಮಾಡಿದವರು ಹೀಗೆ. ಕೆಳಗೆ ಬರುವಷ್ಟರಲ್ಲಿ ಅದು 'ಎಲ್ಲರೂ ತನ್ನಿ' ಆಗಿಬಿಡುತ್ತದೆ. ಜಿಲ್ಲೆಯ ಕೃಷಿಕರು ಇದನ್ನು ಪ್ರಶ್ನಿಸಿ ಹೈಕೋರ್ಟಿಗೂ ಹೋದರು. ಅಪ್ಪ ಮಾತ್ರ ಪ್ರತಿ ಸಲವೂ ಗೋಣಿಯಲ್ಲಿ ಸುತ್ತಿ, ಜೀಪಿನಲ್ಲಿ ಒಯ್ದು, ರಶೀದಿ ತಂದು ದೇವರ ಕೋಣೆಯಲ್ಲಿ ಇಡುತ್ತಾರೆ. ಒಂದು ಸಲ ವಾಪಸು ತಂದು ನೋಡಿದರೆ ನಳಿಗೆಯೊಳಗೆ ತುಕ್ಕು. ಅಪ್ಪ ಯಾರಿಗೂ ಏನೂ ಹೇಳಲಿಲ್ಲ. ಜಗಲಿಯಲ್ಲಿ ಕೂತು ಬಟ್ಟೆಗೆ ಎಣ್ಣೆ ಹಾಕಿ ಒಂದಿಡೀ ಮಧ್ಯಾಹ್ನ ಉಜ್ಜಿದರು. ಕಂದಾಯ ತಪ್ಪದೆ ಕಟ್ಟಿ, ಒಂದು ಜಗಳಕ್ಕೂ ಹೋಗದ ಮನುಷ್ಯನ ಮೇಲೆ ಸರಕಾರಕ್ಕೆ ಐದು ವರ್ಷಕ್ಕೆ ಎರಡು ಮೂರು ಸಲ ಅನುಮಾನ ಬರುತ್ತದೆ ಅಂದರೆ, 1860ರ ಆ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ ಅಂತ ಅರ್ಥ ತಾನೇ?

* * *

ಇಷ್ಟೆಲ್ಲ ಹುಡುಕಲು ಕಾರಣ ಹೇಳಿಬಿಡುತ್ತೇನೆ. ಅಪ್ಪನಿಗೆ ಈಗ ಮಂಡಿನೋವು, ಗುಡ್ಡ ಹತ್ತಲು ಆಗುವುದಿಲ್ಲ. ಅವರು ಲೈಸೆನ್ಸ್ ಮಾಡಿಸಿದ್ದು 1996ರಲ್ಲಿ, ನಾನು ಹುಟ್ಟುವ ಮೊದಲು. 2016ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರನಿಗೆ 70 ತುಂಬಿದರೆ, ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ತಾನು ಹೇಳಿದ ವಾರಸುದಾರನಿಗೆ ಕೊಡಿ ಅಂತ ಅರ್ಜಿ ಹಾಕಬಹುದು. ಹೊಸಬ ಕೋವಿ ಬಳಸುವ ಸುರಕ್ಷತೆಯ ತರಬೇತಿ ಪಡೆದು ಸರ್ಟಿಫಿಕೇಟ್ ತರಬೇಕು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಒಬ್ಬನಿಗೆ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಯಾರೂ ತೆಗೆದುಕೊಳ್ಳದಿದ್ದರೆ ಕೋವಿಯನ್ನು ಲೈಸೆನ್ಸ್ ಇರುವ ಡೀಲರಿಗೋ ಠಾಣೆಗೋ ಒಪ್ಪಿಸಿ ಕೈತೊಳೆದುಕೊಳ್ಳಬೇಕು. ನಮ್ಮ ಆಸುಪಾಸಿನ ಎಷ್ಟೋ ಮನೆಗಳಲ್ಲಿ ಈಗ ಇದೇ ಪ್ರಶ್ನೆ. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕಾದಲ್ಲಿ. ಕೋವಿ ಯಾರಿಗೆ ಅಂದರೆ, ತೋಟ ಯಾರಿಗೆ ಅಂತಲೇ ಕೇಳಿದ ಹಾಗೆ. ತೋಟದ ಬಗ್ಗೆ ಕೇಳಲು ಅಪ್ಪ-ಅಮ್ಮನಿಗೆ ಸಂಕೋಚ. ಹಾಗಾಗಿ ಕೋವಿಯ ಬಗ್ಗೆ ಕೇಳುತ್ತಾರೆ. ನಮ್ಮಪ್ಪನೂ ಹಾಗೇ ಕೇಳಿದ್ದು. "ಲೈಸೆನ್ಸ್ ನಿನ್ನ ಹೆಸರಿಗೆ ಮಾಡುವುದಾ ಅಲ್ಲ ಕೊಟ್ಟುಬಿಡುವುದಾ?" ಅಂತ, ಫೋನಿನಲ್ಲಿ, ಬೇರೇನೋ ಮಾತಿನ ಮಧ್ಯೆ.

ಹೋದ ಸಲ ಊರಿಗೆ ಹೋದಾಗ ಅಪ್ಪನ ಲೈಸೆನ್ಸ್ ಪುಸ್ತಕ ತೆಗೆದು ಓದಿದೆ. ಮೂರು ವರ್ಷಕ್ಕೊಂದು ನವೀಕರಣದ ಸೀಲು, ಬದಲಾದ ಅಧಿಕಾರಿಗಳ ಸಹಿ, ಕೊಂಡ ತೋಟೆಗಳ ಲೆಕ್ಕ, ಠಾಣೆಯಲ್ಲಿಟ್ಟ ರಶೀದಿಗಳು. ಅಡಿಕೆಗೆ ರೇಟು ಬಿದ್ದ ವರ್ಷಗಳಲ್ಲಿ ತೋಟೆ ಕೊಂಡದ್ದೇ ಇಲ್ಲ. ಒಂದು ಮನೆಯ ಚರಿತ್ರೆ ಇಷ್ಟು ಕ್ರಮವಾಗಿ ಇನ್ನೆಲ್ಲೂ ದಾಖಲಾಗಿರಲಾರದು. ಸರಕಾರ ನಮ್ಮನ್ನು ನಂಬದೆ ಬರೆಸಿಟ್ಟ ಪುಸ್ತಕ ಅದು, ಈಗ ನೋಡಿದರೆ ನಮ್ಮದೇ ದಿನಚರಿಯ ಹಾಗಿದೆ.

ನಾನು ತರಬೇತಿಗೆ ಹೆಸರು ಕೊಡಬೇಕು ಅಂದುಕೊಂಡಿದ್ದೇನೆ. ಮ್ಯಾಗ್ನಮ್ಮಿನ ಆಸೆ ರೇಂಜಿನಲ್ಲೇ ಮುಗಿಯಿತು. ಅದನ್ನು ಬಾಡಿಗೆಗೆ ಹೊಡೆದು ಬರುವುದೇ ಚೆಂದ, ಮನೆಯಲ್ಲಿ ಇಟ್ಟುಕೊಂಡರೆ ಯಾರ ಮೇಲೆ ಅನುಮಾನ ಪಡಬೇಕು ಅಂತ ದಿನಾ ಹುಡುಕಬೇಕಾಗುತ್ತದೆ. ಒಂಟಿನಳಿಗೆ ಕೋವಿ ಹಾಗಲ್ಲ. ಅದನ್ನು ಇಟ್ಟುಕೊಂಡವನು ವರ್ಷಕ್ಕೆ ನಾಲ್ಕು ಸಲವಾದರೂ ಊರಿಗೆ ಬರಲೇಬೇಕು, ಎಣ್ಣೆ ಹಾಕಲೇಬೇಕು, ನವೀಕರಣಕ್ಕೆ ಓಡಾಡಲೇಬೇಕು. ಅಪ್ಪನಿಗೆ ಬೇಕಾದದ್ದೂ ಅದೇ ಇರಬೇಕು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಕೋವಿಯ ಲೈಸೆನ್ಸ್ ಪುಸ್ತಕ ಇದ್ದರೆ, ಮದ್ರಾಸು ಸರಕಾರದ ಕಾಲದ್ದಾದರೆ ಇನ್ನೂ ಒಳ್ಳೆಯದು, ದಯವಿಟ್ಟು ಬಿಸಾಡಬೇಡಿ. ಒಮ್ಮೆ ಬಿಡಿಸಿ ಓದಿ, ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಸಂಪಾಜೆ ಘಾಟಿಯ ಮೇಲಿನವರೂ ಬರೆಯಿರಿ, ಕೆಳಗಿನವರೂ ಬರೆಯಿರಿ. ಆ ಗೆರೆಯ ಎರಡೂ ಬದಿ ಒಟ್ಟಿಗೆ ಓದಲು ನನಗೆ ಆಸೆ.